ಸೀದ ಹಾಲಿನ ವಾಸನೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ನಂಬದೆ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಹೇಳುತ್ತಿರುವವರನ್ನು ನಡುವೆ ತಡೆದು, "ಆಗ ಅಲ್ಲಿ ಇನ್ನಾರಿದ್ದರು? ಅವರನ್ನು ಕೇಳಿದಿರಾ?" ಎಂದು ವಕೀಲರ ಹಾಗೆ ಪಾಟೀಸವಾಲು ಹಾಕಿ, ಅವರ ಉತ್ಸಾಹವನ್ನೆಲ್ಲ ಇಳಿಸಿಬಿಡುವ ಚಾಳಿ ನನ್ನದು. ನೆಂಟರಿಷ್ಟರು ಸೇರಿದ ಕಡೆ ಯಾರಾದರೂ ಕನಸು ನಿಜವಾದ ಕತೆ ತೆಗೆದರೆ, ಮೊದಲು ನಾನು ಅಲ್ಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳುತ್ತಾರೆ. ಅಂಥವಳು ಈಗ ನನ್ನದೇ ಒಂದು ಅನುಭವವನ್ನು ಬರೆಯಲು ಕೂತಿದ್ದೇನೆ. ಓದಿ ನಗುವವರು ನಗಬಹುದು. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಗುತ್ತಿದ್ದೆ.

ನಾನು ದವಡೆಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ. ಮನೆ, ಆಸ್ಪತ್ರೆ ಎರಡೂ ಹಾಸನದಲ್ಲಿ. ಅದಲ್ಲದೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಪರಿಚಯದ ದಂತವೈದ್ಯರ ಕ್ಲಿನಿಕ್ಕುಗಳಿಗೆ ವಾರಕ್ಕೊಂದು ದಿನ ಹೋಗಿ ಕೂರುತ್ತೇನೆ. ಬೈಕಿನಿಂದ ಬಿದ್ದವರು, ಹಸು ಒದ್ದವರು, ಅಣ್ಣತಮ್ಮಂದಿರ ಜಗಳದಲ್ಲಿ ಏಟು ತಿಂದು "ಬಾಗಿಲು ತಗುಲಿತು" ಎಂದು ಹೇಳುವವರು, ಎಲ್ಲರೂ ನನ್ನ ಬಳಿ ಬರುತ್ತಾರೆ. ಮುರಿದ ಮೂಳೆಯನ್ನು ಸರಿಯಾಗಿ ಕೂರಿಸಿ, ಸಣ್ಣ ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯುವುದು ನನ್ನ ಕೆಲಸ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಕೆಲಸ. ಅದಕ್ಕೇ ಈ ವೃತ್ತಿ ನನಗೆ ಒಗ್ಗಿತು ಎಂದು ಕಾಣುತ್ತದೆ.

ಈ ಕೆಲಸದಲ್ಲಿ ನಾನು ಕೈಚೆಲ್ಲುವಂತೆ ಮಾಡುವವರು ಮೂರ್ಛೆರೋಗದವರು. ನಾವೆಲ್ಲ ಬೀಳುವಾಗ ಗೊತ್ತಿಲ್ಲದೆಯೇ ಕೈ ಮುಂದೆ ಚಾಚುತ್ತೇವೆ. ಫಿಟ್ಸ್ ಬಂದವರಿಗೆ ಆ ಅವಕಾಶವಿಲ್ಲ. ನಿಂತವರು ನಿಂತ ಹಾಗೆಯೇ ಮುಂದಕ್ಕೆ ಬೀಳುತ್ತಾರೆ. ಗದ್ದ ನೆಲಕ್ಕೆ ಬಡಿಯುತ್ತದೆ. ಆ ಪೆಟ್ಟು ದವಡೆಯುದ್ದಕ್ಕೂ ಮೇಲೇರಿ ಎರಡು ಕಿವಿಗಳ ಮುಂದಿನ ಕೀಲಿನ ಬಳಿಯೂ ಮೂಳೆ ಮುರಿಯುತ್ತದೆ. ಸರಿ, ಅದನ್ನು ಜೋಡಿಸಬಹುದು. ಆದರೆ ಮೂಳೆ ಮುರಿಯಲು ಕಾರಣವಾದದ್ದು ಇನ್ನೂ ತಲೆಯೊಳಗೇ ಇದೆ. ಬೈಕಿನವನಿಗೆ ನಿಧಾನ ಓಡಿಸಪ್ಪ ಎಂದು ಬೈದು ಕಳಿಸುತ್ತೇನೆ. ಇವರಿಗೆ ಏನೆಂದು ಹೇಳಿ ಕಳಿಸುವುದು?

ತ್ರಿಶಲಾ ಎಂಬ ಹೆಂಗಸು ಕೆಲವು ವರ್ಷಗಳ ಹಿಂದೆ ಹಾಗೆ ಬಿದ್ದು ನನ್ನ ಬಳಿ ಬಂದಳು. ಚನ್ನರಾಯಪಟ್ಟಣದ ಅಂಚಿನಲ್ಲಿ ಅವರ ಮನೆ. ಜೈನರು. ಗಂಡ ಧರಣೇಂದ್ರನದು ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಇವರಿಬ್ಬರು ಮತ್ತು ಅತ್ತೆ ಪದ್ಮಾವತಮ್ಮ. ತ್ರಿಶಲಾಗೆ ಮದುವೆಗೆ ಮೊದಲಿನಿಂದಲೂ ಫಿಟ್ಸ್ ಇತ್ತು, ಅದನ್ನು ಮುಚ್ಚಿಡದೆ ಹೇಳಿಯೇ ಮದುವೆ ಮಾಡಿದ್ದರು. ಈ ಅತ್ತೆ ಎಲ್ಲ ಗೊತ್ತಿದ್ದೇ ಅವಳನ್ನು ಸೊಸೆಯಾಗಿ ತಂದುಕೊಂಡವರು. ನಾನು ಕಂಡ ಅತ್ತೆಯರಲ್ಲಿ ಅವರ ಸಾಲಿಗೆ ಸೇರುವವರು ಬಹಳ ಜನ ಇಲ್ಲ.

ಫಿಟ್ಸ್ ಬರುವ ಮುನ್ನ ಕೆಲವರಿಗೆ ಒಂದು ಸೂಚನೆ ಸಿಗುತ್ತದೆ. ಒಬ್ಬರಿಗೆ ಕಣ್ಣ ಮುಂದೆ ಬೆಳಕು, ಇನ್ನೊಬ್ಬರಿಗೆ ಹೊಟ್ಟೆಯಲ್ಲಿ ಏನೋ ಎದ್ದ ಹಾಗೆ. ಅದು ಹೊರಗಿನದಲ್ಲ, ಮೆದುಳಿನೊಳಗೆ ಶುರುವಾದ ಗಲಿಬಿಲಿಯ ಮೊದಲ ಕ್ಷಣ. ತ್ರಿಶಲಾಗೆ ಬರುತ್ತಿದ್ದದ್ದು ವಾಸನೆ. ಊದಿದ ಬಾಯಲ್ಲೇ ಅವಳು ಹೇಳಿದ್ದು ನನಗೆ ನೆನಪಿದೆ. "ಹಾಲು ಉಕ್ಕಿ ಒಲೆ ಮ್ಯಾಲೆ ಬಿದ್ದು ಸೀದೋಯ್ತದಲ್ಲ, ಆ ವಾಸ್ನೆ ಬತ್ತದೆ ಮೇಡಂ. ಅಯ್ಯೋ, ಒಲೆ ಆರ್ಸಿಲ್ವೇನೋ ಅಂತ ಎದ್ದು ಓಯ್ತೀನಿ. ಅಷ್ಟೇ ಗ್ಯಾನ."

ಪದ್ಮಾವತಮ್ಮ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. "ನಮ್ಮನೇಲಿ ಹಾಲು ಕಾಯ್ಸೋದೇ ಬಿಟ್ಬುಟ್ಟಿದೀನಿ ಕಣಮ್ಮ. ಪಕ್ಕದ್ಮನೇಲಿ ಕಾಯಿಸ್ಕಂಡು, ಆರಿಸ್ಕಂಡು ತತ್ತೀನಿ. ನಮ್ಮನೇಲಿ ಹಾಲು ಸೀದ್ ವಾಸ್ನೆ ಬಂತು ಅಂದ್ರೆ ಅದು ಸುಳ್ಳೇಯ, ಒಲೆ ತಾವ್ ಓಗ್ಬ್ಯಾಡ, ಇದ್ದಲ್ಲೇ ನೆಲದ್ ಮ್ಯಾಲೆ ಕೂತ್ಕಬುಡು ಅಂತ ಏಳ್ಕೊಟ್ಟಿದೀನಿ ಇವ್ಳಿಗೆ." ಈ ಉಪಾಯದಿಂದ ತ್ರಿಶಲಾ ಎಷ್ಟೋ ಕಾಲ ಬೀಳದೆ ಉಳಿದಿದ್ದಳು. ವಾಸನೆ ಬಂದ ಕೂಡಲೇ ಗೋಡೆಗೆ ಒರಗಿ ಕೂರುವಳು. ಫಿಟ್ಸ್ ಬಂದು ಹೋಗುವುದು. ಮೈಮೇಲೆ ಒಂದು ಗೀರೂ ಇಲ್ಲ.

ಹಾಗಾದರೆ ದವಡೆ ಮುರಿದದ್ದು ಹೇಗೆ? ಅವತ್ತು ಬೆಳಗ್ಗೆ ಬಸದಿಗೆ ಹೋಗಿದ್ದಳು. ಅಲ್ಲಿ ಅಭಿಷೇಕಕ್ಕೆಂದು ತಂದ ಹಾಲಿನ ಬಿಂದಿಗೆಗಳು ಸಾಲಾಗಿದ್ದವು. ವಾಸನೆ ಬಂದಾಗ, ಇಲ್ಲಿ ಹಾಲಿದೆಯಲ್ಲ, ಯಾರೋ ಕಾಯಿಸಲು ಇಟ್ಟಿರಬೇಕು, ಇದು ನಿಜದ ವಾಸನೆ ಎಂದುಕೊಂಡು ನಿಂತೇ ಇದ್ದಳು. ಕಲ್ಲಿನ ಹೊಸ್ತಿಲ ಮೇಲೆ ಬಿದ್ದಳು.

ಮೊದಲ ಸಲ ನಾನು ಗದ್ದದ ಮುರಿತಕ್ಕೆ ಪಟ್ಟಿ ಇಟ್ಟು ಸ್ಕ್ರೂ ಹಾಕಿದೆ. ಕೀಲಿನ ಮುರಿತಕ್ಕೆ ಮೇಲಿನ ಕೆಳಗಿನ ಹಲ್ಲುಗಳನ್ನು ರಬ್ಬರ್‌ಗಳಿಂದ ಎಳೆದು ಕಟ್ಟಿದೆ. ಇನ್ನೇನು ಗುಣವಾಯಿತು ಎನ್ನುವಷ್ಟರಲ್ಲಿ ಮೇಲಿಂದ ಮೇಲೆ ಫಿಟ್ಸ್ ಬರತೊಡಗಿತು. ಮಾತ್ರೆ ತಪ್ಪಿಸಿದೆಯಾ ಎಂದರೆ, ಒಂದು ದಿನವೂ ಇಲ್ಲ ಎಂದು ಆಣೆ ಇಟ್ಟಳು. ಅದು ನಿಜವೇ ಆಗಿತ್ತು. ಅವರು ಹೊತ್ತು ಮುಳುಗಿದ ಮೇಲೆ ಊಟವಿರಲಿ, ನೀರೂ ಮುಟ್ಟುವವರಲ್ಲ. ರಾತ್ರಿ ಮಲಗುವಾಗ ಎಂದು ಬರೆದ ಮಾತ್ರೆಯನ್ನು ಸಂಜೆಯ ಊಟದ ಜೊತೆಗೇ ತೆಗೆದುಕೊಳ್ಳುತ್ತಿದ್ದಳು. ಚಾತುರ್ಮಾಸ ಬಂತು, ಅವಳು ದಿನಕ್ಕೊಂದೇ ಊಟದ ವ್ರತ ಹಿಡಿದಳು. ಬೆಳಗಿನದು, ರಾತ್ರಿಯದು ಎರಡೂ ಮಾತ್ರೆಗಳನ್ನು ಮಧ್ಯಾಹ್ನದ ಆ ಒಂದೇ ಊಟದ ಜೊತೆ ನುಂಗಿಬಿಡುತ್ತಿದ್ದಳು. ತಪ್ಪಿಸಿದ್ದು ಎಲ್ಲಿ ಬಂತು?

ನರರೋಗದ ವೈದ್ಯರು ಅದನ್ನು ಸರಿಪಡಿಸಿ, ಸೂರ್ಯ ಹುಟ್ಟಿದ ಮೇಲೊಂದು, ಮುಳುಗುವ ಮುಂಚೆ ಒಂದು ಎಂದು ಗೊತ್ತು ಮಾಡಿದರು. ಫಿಟ್ಸ್ ಕಡಿಮೆಯಾಯಿತು, ನಿಲ್ಲಲಿಲ್ಲ. ಅಷ್ಟರಲ್ಲಿ ನನ್ನ ಕೆಲಸ ಹಾಳಾಗಿತ್ತು. ಹಲ್ಲು ಕಚ್ಚಿದ ರಭಸಕ್ಕೆ ರಬ್ಬರ್ ಹರಿದು, ಸ್ಕ್ರೂ ಸಡಿಲವಾಗಿ, ಗದ್ದದಲ್ಲಿ ಕೀವು ತುಂಬಿತ್ತು. ಪಟ್ಟಿಯನ್ನು ತೆಗೆಯಲೇಬೇಕಾಯಿತು. ಕೀವಿರುವ ಜಾಗದಲ್ಲಿ ಹೊಸದನ್ನು ಇಡುವಂತಿಲ್ಲ. ಇಡದಿದ್ದರೆ ಮೂಳೆ ನಿಲ್ಲುವುದಿಲ್ಲ. ಉಳಿದದ್ದು ಒಂದೇ ದಾರಿ, ಯಾವುದನ್ನು ಫಿಟ್ಸ್ ಇರುವವರಿಗೆ ಮಾಡಬಾರದು ಎಂದು ನಾನೇ ಕಿರಿಯರಿಗೆ ಪಾಠ ಹೇಳುತ್ತೇನೋ ಅದು. ಮೇಲಿನ ಹಲ್ಲುಗಳನ್ನೂ ಕೆಳಗಿನ ಹಲ್ಲುಗಳನ್ನೂ ಕಚ್ಚಿಸಿ, ತಂತಿಯಿಂದ ಬಿಗಿದು ಬಾಯಿ ಮುಚ್ಚಿಬಿಡುವುದು.

ಮಾಡಬಾರದು ಏಕೆಂದರೆ, ಫಿಟ್ಸ್ ಬಂದಾಗ ವಾಂತಿಯಾದರೆ ಅದು ಹೊರಗೆ ಬರಲು ದಾರಿಯಿಲ್ಲ. ಉಸಿರಿನ ನಾಳಕ್ಕೆ ಹೋಗುತ್ತದೆ. ಪ್ರಾಣಕ್ಕೆ ಅಪಾಯ. ಆದ್ದರಿಂದ ಹೀಗೆ ಕಟ್ಟಿದಾಗಲೆಲ್ಲ ನಾನು ಒಂದು ವೈರ್ ಕಟ್ಟರ್‌ಗೆ ದಾರ ಪೋಣಿಸಿ, ರೋಗಿಯ ಜೊತೆಗಿರುವವರ ಕೊರಳಿಗೆ ನನ್ನ ಕೈಯಾರೆ ಹಾಕುತ್ತೇನೆ. ಮಲಗಿದಾಗಲೂ ತೆಗೆಯಬಾರದು. ಯಾವ ತಂತಿಗಳನ್ನು ಕತ್ತರಿಸಬೇಕೆಂದು ಕನ್ನಡಿ ಹಿಡಿದು ತೋರಿಸಿ, ಅವರಿಂದ ಮತ್ತೆ ಮತ್ತೆ ಹೇಳಿಸುತ್ತೇನೆ.

ಧರಣೇಂದ್ರ ಕಟ್ಟರನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಮ್ಮಂಗ್ಡೀಲಿ ಇದ್ಕಿಂತ ಗಟ್ಟಿಮುಟ್ಟಾದ್ದು ಐತೆ ಮೇಡಂ" ಎಂದ. ಪದ್ಮಾವತಮ್ಮ ಅವನ ಕೈಯಿಂದ ಅದನ್ನು ಕಿತ್ತುಕೊಂಡು, "ನೀನು ಅಂಗ್ಡೀಲಿ ಕೂತಿರೋನು, ನಿಂಗ್ಯಾಕ್ಲಾ ಅದು" ಎಂದು ತಮ್ಮ ಕೊರಳಿಗೆ ಹಾಕಿಸಿಕೊಂಡರು. ಸರದ ಪಕ್ಕದಲ್ಲಿ ಕಟ್ಟರ್ ತೂಗಾಡುತ್ತಿತ್ತು. ಎಲ್ಲರೂ ನಕ್ಕೆವು. ತ್ರಿಶಲಾ ಬಿಗಿದ ಹಲ್ಲುಗಳ ಹಿಂದಿನಿಂದಲೇ ನಕ್ಕಳು.

ಆ ವಾಸನೆ ನನಗೆ ಮೊದಲು ಬಂದದ್ದು ಅದಾದ ಕೆಲವು ದಿನಕ್ಕೆ, ಹಾಸನದಲ್ಲಿ, ಹಗಲು ಹೊತ್ತಿನಲ್ಲಿ. ತಂತಿ ನೋಡಲು ಅವಳನ್ನು ಕುರ್ಚಿಯಲ್ಲಿ ಕೂರಿಸಿದ್ದೆ. ಇದ್ದಕ್ಕಿದ್ದಂತೆ ಹಾಲು ಉಕ್ಕಿ ಸೀದ ವಾಸನೆ ಮೂಗಿಗೆ ಅಡರಿತು. "ಸಿಸ್ಟರ್, ಹಾಲು ಇಟ್ಟು ಎಲ್ಲಿ ಹೋದ್ರಿ?" ಎಂದು ರೇಗಿದೆ. ನರ್ಸು ಬಾಗಿಲಲ್ಲಿ ಬಂದು ನಿಂತು, ಯಾವ ಹಾಲು ಎಂದು ನನ್ನ ಮುಖ ನೋಡಿದರು. ಅದೇ ಗಳಿಗೆಗೆ ತ್ರಿಶಲಾ ನನ್ನ ಮುಂಗೈ ಹಿಡಿದುಕೊಂಡು, ಇನ್ನೊಂದು ಕೈಯಿಂದ ತನ್ನ ಮೂಗು ತೋರಿಸಿದಳು. ಆಮೇಲೆ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಫಿಟ್ಸ್ ಮುಗಿಯುವವರೆಗೂ ಅವಳನ್ನು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡಿದ್ದೆ. ವಾಂತಿಯಾಗಲಿಲ್ಲ, ತಂತಿ ಕತ್ತರಿಸುವ ಪ್ರಮೇಯ ಬರಲಿಲ್ಲ. ಬೆವರು ಒರೆಸಿಕೊಳ್ಳುವಾಗ ಗಮನಿಸಿದೆ, ವಾಸನೆ ಇರಲಿಲ್ಲ.

ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಹೇಳಿದ್ದು ತಲೆಯಲ್ಲಿತ್ತು, ಅವಳ ಮುಖ ಬದಲಾದದ್ದನ್ನು ನನ್ನ ಕಣ್ಣು ನನಗಿಂತ ಮೊದಲೇ ಗುರುತಿಸಿತ್ತು, ಮೂಗು ಉಳಿದದ್ದನ್ನು ಸೇರಿಸಿಕೊಂಡಿತು. ಇಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಅದೊಂದನ್ನು ಹಾಗೆಂದು ಒಪ್ಪಬಲ್ಲೆ.

ಒಪ್ಪಲಾಗದೇ ಇರುವುದು ಅದರ ನಂತರದ್ದು. ಅರಕಲಗೂಡಿನಲ್ಲಿ ರಾಮನಾಥಪುರ ಕಡೆಯ ಒಬ್ಬ ಹೊಗೆಸೊಪ್ಪಿನ ಬೆಳೆಗಾರರ ಬುದ್ಧಿಹಲ್ಲು ತೆಗೆಯುತ್ತಿದ್ದೆ. ಅದೇ ವಾಸನೆ. ಹೊರಗೆ ಹೋಟೆಲ್ಲೇನಾದರೂ ಇದೆಯೇ ಎಂದರೆ ಪಕ್ಕದಲ್ಲಿದ್ದದ್ದು ಟೈರಿನ ಅಂಗಡಿ. ಕುರ್ಚಿಯಲ್ಲಿದ್ದವರನ್ನೇ ಕೇಳಿದೆ. ಅರ್ಧ ಬಾಯಿ ಜೋಮು ಹಿಡಿದಿದ್ದ ಅವರು, "ಇಲ್ಲ ಕಣಕ್ಕ, ನಂಗೆ ಬರೀ ನಿಮ್ಮ ಔಷ್ದಿ ವಾಸ್ನೆ" ಎಂದರು. ಆ ಕೆಲಸ ಮುಗಿಸಿ ಕೈ ತೊಳೆಯುತ್ತಿರುವಾಗ ಧರಣೇಂದ್ರನ ಫೋನ್ ಬಂತು. "ಈಗ್ತಾನೆ ಒಂದ್ಸಲ ಬಂದು ಓಯ್ತು ಮೇಡಂ. ಅವಳೇ ಕೂತ್ಕಂಡ್ಳು, ಏನೂ ಆಗಿಲ್ಲ, ಏಳ್ಬೇಕಲ್ಲ ಅಂತ ಮಾಡ್ದೆ." ನಾನು ಒಳ್ಳೆಯದು ಎಂದಷ್ಟೇ ಹೇಳಿ ಫೋನ್ ಇಟ್ಟೆ. ನಲ್ಲಿಯ ನೀರು ಹಾಗೇ ಹರಿಯುತ್ತಿತ್ತು.

ಆಮೇಲೆ ಮುಖ್ಯವಾದ ಆ ಸಂಜೆ. ಹೊಳೆನರಸೀಪುರದ ಕ್ಲಿನಿಕ್ ಮುಗಿಸಿ ಹಾಸನದ ಕಡೆಗೆ ಕಾರು ತಿರುಗಿಸಿದ್ದೆ. ಬಿಸಿಲು ಇನ್ನೂ ಇತ್ತು. ಊರು ದಾಟುವ ಮೊದಲೇ ಕಾರಿನೊಳಗೆ ಆ ವಾಸನೆ ಶುರುವಾಯಿತು. ಈ ಸಲ ಬಂದು ಹೋಗುವಂಥದ್ದಾಗಿರಲಿಲ್ಲ. ಗಾಜು ಇಳಿಸಿದೆ, ಹೋಗಲಿಲ್ಲ. ಕಾರು ನಿಲ್ಲಿಸಿ ಕೆಳಗಿಳಿದೆ, ರಸ್ತೆಯ ಮೇಲೂ ಅದೇ. ಧರಣೇಂದ್ರನಿಗೆ ಫೋನ್ ಮಾಡಿದೆ. ಅವನು ಶಾಂತಿಗ್ರಾಮದಲ್ಲಿ ಯಾರಿಗೋ ಪೈಪು ಇಳಿಸುತ್ತಿದ್ದನಂತೆ, ಫೋನು ಗಾಡಿಯಲ್ಲೇ ಇತ್ತಂತೆ. ಇದೆಲ್ಲ ಆಮೇಲೆ ತಿಳಿದದ್ದು. ಪದ್ಮಾವತಮ್ಮನ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು.

ಬಾಯಿ ಕಟ್ಟಿದವಳು ನಾನು. ಅದನ್ನು ಬಿಚ್ಚುವ ಕೈ ಈಗ ಅಲ್ಲಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ನೇರ ಚನ್ನರಾಯಪಟ್ಟಣದ ರಸ್ತೆ ಹಿಡಿದೆ. ಕಬ್ಬಿನ ಟ್ರಾಕ್ಟರುಗಳು, ಡೈರಿಗೆ ಕ್ಯಾನು ಹೊತ್ತ ಬೈಕುಗಳು, ರಸ್ತೆಗೆ ಅಡ್ಡ ಬರುವ ದನಗಳು. ಅಷ್ಟು ದೂರವೂ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಏನೆಂದು ಹೇಳುತ್ತೀ ಹೋಗಿ? ಹಾಲಿನ ವಾಸನೆ ಬಂತು, ಅದಕ್ಕೇ ಬಂದೆ ಎನ್ನುತ್ತೀಯಾ? ಹಾಗೆ ಬೈದುಕೊಳ್ಳುತ್ತಲೇ ಕಾರನ್ನು ಇನ್ನಷ್ಟು ಜೋರಾಗಿ ಓಡಿಸುತ್ತಿದ್ದೆ. ಫಿಟ್ಸ್ ಬಂದಿದ್ದರೆ ಇಷ್ಟು ಹೊತ್ತಿಗೆ ಏನಾಗಬೇಕೋ ಅದು ಆಗಿಹೋಗಿದೆ ಎಂದು ನನ್ನ ಓದು ಹೇಳುತ್ತಿತ್ತು. ಅಷ್ಟು ಕೈಲಾಗದವಳು ಎಂದು ನನಗೆ ನಾನು ಹಿಂದೆಂದೂ ಅನಿಸಿರಲಿಲ್ಲ.

ಅವರ ಮನೆಯ ಬಾಗಿಲು ತೆರೆದಿತ್ತು. ತ್ರಿಶಲಾ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಆರಾಮಾಗಿದ್ದಳು. ನನ್ನನ್ನು ಕಂಡು ಅವಳಿಗೇ ಗಾಬರಿಯಾಯಿತು. ನಾನು ಹೊಸ್ತಿಲ ಮೇಲೆ ನಿಂತು ಏದುಸಿರು ಬಿಡುತ್ತಿದ್ದೆ. ಹಿತ್ತಲ ಕಡೆಯಿಂದ ಪದ್ಮಾವತಮ್ಮ ಬಂದರು. ಸ್ನಾನ ಮಾಡಿ ಮಡಿ ಸೀರೆ ಉಟ್ಟಿದ್ದರು, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. "ಇದೇನು ಡಾಕ್ಟ್ರಮ್ಮ, ಇತ್ಲಾಗ್ ಬಂದ್ಬುಟ್ರಿ?" ಎಂದರು. ಈ ಕಡೆ ಕೆಲಸವಿತ್ತು, ಹಾಗೇ ನೋಡಿಕೊಂಡು ಹೋಗೋಣವೆಂದು ಬಂದೆ ಎಂದು ಸುಳ್ಳು ಹೇಳಿದೆ.

ಅವರ ಕೊರಳು ಬರಿದಾಗಿತ್ತು. ಕಟ್ಟರ್ ಎಲ್ಲಿ ಎಂದು ಕೇಳಿದೆ. ಬಾಗಿಲ ಪಕ್ಕದ ಮೊಳೆ ತೋರಿಸಿದರು. ಛತ್ರಿಯ ಜೊತೆ ನೇತುಹಾಕಿದ್ದರು. "ಮಡೀಲಿದೀನಿ ಕಣವ್ವ, ಅದ ಆಕ್ಕಂಡು ಮಲಗಿ ಎದ್ದಿರ್ತೀನಿ, ಮೈಲ್ಗೆ ಆಗಿರ್ತದೆ. ಬಸದೀಲಿ ಆರ್ತಿ ಮುಗಿಸ್ಕಂಡು ಬಂದ್ ಆಕ್ಕತ್ತೀನಿ." ಮೊದಲ ದಿನದಿಂದಲೂ ಹೀಗೇ ನಡೆದಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅವರು ಬಸದಿಗೆ ಹೋಗಿ ಬರುವಷ್ಟು ಹೊತ್ತು ಕಟ್ಟರ್ ಮೊಳೆಯ ಮೇಲೆ, ತ್ರಿಶಲಾ ಒಬ್ಬಳೇ ಮನೆಯಲ್ಲಿ. ಮಲಗುವಾಗಲೂ ತೆಗೆಯಬೇಡಿ ಎಂದಿದ್ದೆ, ಅವರು ಮಲಗುವಾಗ ತೆಗೆದಿರಲಿಲ್ಲ. ಮಡಿಯ ವಿಚಾರ ನನಗೆ ಹೊಳೆದಿರಲಿಲ್ಲ, ಅವರಿಗೆ ಅದು ಹೇಳುವ ವಿಚಾರ ಎಂದೇ ಅನಿಸಿರಲಿಲ್ಲ.

ನಾನು ಕಟ್ಟರನ್ನು ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಆಗ ವಾಸನೆ ಹೋಗಿತ್ತು. ಯಾವಾಗ ಹೋಯಿತೋ ತಿಳಿಯದು. ಮೈ ಹಗುರಾಯಿತು, ಹಾಗೇ ನಾಚಿಕೆಯೂ ಆಯಿತು. ಪದ್ಮಾವತಮ್ಮ, ಹೊತ್ತು ಮುಳುಗುವುದರೊಳಗೆ ಸೊಸೆಗೆ ಎಲ್ಲ ಕುಡಿಸಿಬಿಟ್ಟೆ, ರಾತ್ರಿಗೆ ಹಸಿವಾಗಬಾರದಲ್ಲ, ಗಂಜಿ, ಹಾಲು, ಬೇಳೆಕಟ್ಟು ಎಲ್ಲ ಆಯಿತು ಎಂದು ವರದಿ ಒಪ್ಪಿಸುತ್ತಿದ್ದರು. ಹೊಟ್ಟೆ ತುಂಬ ಒಮ್ಮೆಗೇ ಅಷ್ಟು ಕುಡಿಸಬೇಡಿ ಎಂದು ಹೇಳಲು ನಾನು ಬಾಯಿ ತೆರೆದೆ. ತ್ರಿಶಲಾಳ ಕೈಯಿಂದ ಹೂವಿನ ದಾರ ಜಾರಿತು.

ಅದು ಅವಳಿಗೆ ಬಂದ ಫಿಟ್ಸ್‌ಗಳಲ್ಲೇ ಜೋರಾದದ್ದು. ಕೂತಿದ್ದರಿಂದ ಪಕ್ಕಕ್ಕೆ ವಾಲಿದಳು. ಕುಡಿದದ್ದೆಲ್ಲ ಮೂಗಿನಿಂದ, ಹಲ್ಲಿನ ಸಂದಿಗಳಿಂದ ಬರತೊಡಗಿತು. ಮುಖ ನೀಲಿಗೆ ತಿರುಗಿತು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಸರಿಸಿ, ತಂತಿಗಳನ್ನು ಒಂದೊಂದಾಗಿ ಕತ್ತರಿಸಿದೆ. ನಾನೇ ಬಿಗಿದಿದ್ದ ತಂತಿಗಳು. ಅವು ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ಬಾಯಿ ಬಿಟ್ಟುಕೊಂಡಿತು, ಬೆರಳು ಹಾಕಿ ಒಳಗಿದ್ದದ್ದನ್ನೆಲ್ಲ ತೆಗೆದೆ. ಉಸಿರು ಬಂತು. ಪದ್ಮಾವತಮ್ಮ ಮಡಿ ಸೀರೆಯಲ್ಲೇ ಆ ವಾಂತಿಯ ಮೇಲೆ ಕೂತು ಸೊಸೆಯ ಕಾಲು ಹಿಡಿದುಕೊಂಡು ಅಳುತ್ತಿದ್ದರು.

ಪೂರ್ತಿ ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು. ಬಾಯಿ ತೆರೆದ ಮೇಲೆ ಅವಳು ಮೊದಲು ಆಡಿದ ಮಾತು ಇದು. "ಮೇಡಂ, ಈ ಸತಿ ನಂಗೆ ವಾಸ್ನೇನೇ ಬರ್ಲಿಲ್ಲ."

ಪ್ರಾಣ ಉಳಿಯಿತು. ಅಷ್ಟರಲ್ಲಿ ಮೂಳೆ ಮುಕ್ಕಾಲು ಕೂಡಿತ್ತಾದ್ದರಿಂದ ನಾನು ಮತ್ತೆ ಕಟ್ಟುವ ಧೈರ್ಯ ಮಾಡಲಿಲ್ಲ. ಗದ್ದ ಒಂದಿಷ್ಟು ಸೊಟ್ಟಗೆ ಕೂತಿದೆ, ರೊಟ್ಟಿ ಅಗಿಯಲು ಸ್ವಲ್ಪ ಕಷ್ಟ. ಕತೆ ಇಲ್ಲಿಗೇ ಮುಗಿದಿದ್ದರೆ ಇದನ್ನು ಒಂದು ಒಳ್ಳೆಯ ಕಾಕತಾಳೀಯ ಎಂದುಕೊಂಡು, ಯಾರಿಗೂ ಹೇಳದೆ ಸುಮ್ಮನಿರುತ್ತಿದ್ದೆ. ಆದರೆ ಆ ಸಂಜೆಯ ನಂತರ ತ್ರಿಶಲಾಗೆ ಒಮ್ಮೆಯೂ ವಾಸನೆ ಬರಲಿಲ್ಲ. ಫಿಟ್ಸ್ ಮಾತ್ರ ಬರುತ್ತಿತ್ತು. ಈಗ ಕೂತುಕೊಳ್ಳಲು ಅವಳಿಗೆ ಸೂಚನೆಯೇ ಇಲ್ಲ. ನಲ್ಲಿಯ ಬಳಿ ಬಿದ್ದು ಹಣೆ ಒಡೆದುಕೊಂಡಳು. ಅಂಗಡಿಯ ಮುಂದೆ ಬಿದ್ದಾಗ ಯಾರೋ ಬೀಗದ ಕೈ ಗೊಂಚಲನ್ನು ಅವಳ ಅಂಗೈಗೆ ತುರುಕಿ ಉಪಕಾರ ಮಾಡಿದರಂತೆ. ಆ ಎರಡು ಸಲವೂ ಹಾಸನದಲ್ಲಿ ನನ್ನ ಮೂಗಿಗೆ ಸೀದ ಹಾಲಿನ ವಾಸನೆ ಬಂದಿತ್ತು.

ಮುಚ್ಚಿಡಲು ಆಗದೆ ಪದ್ಮಾವತಮ್ಮನಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಕಳೆದುಹೋದ ವಸ್ತು ಯಾರ ಮನೆಯಲ್ಲಿದೆ ಎಂದು ಗೊತ್ತಾದವರ ಹಾಗೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಅಂಗಾರೆ ಅದು ನಿಮ್ತಾವ್ ಬಂದ್ಬುಟ್ಟೈತೆ" ಎಂದರು. ಆಮೇಲೆ, "ಅದ ವಾಪಸ್ ಕೊಡಕಾಗಲ್ವಾ ಡಾಕ್ಟ್ರಮ್ಮ? ಅವ್ಳಿಗೆ ಬೇಕಿತ್ತಲ್ಲ" ಎಂದರು. ಏನೂ ಸಿಟ್ಟಿಲ್ಲದೆ ಕೇಳಿದರು. ಕೊಡಲಾಗುವಂತಿದ್ದರೆ ಅಲ್ಲೇ, ಆಗಲೇ ಕೊಟ್ಟುಬಿಡುತ್ತಿದ್ದೆ. ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ವೈದ್ಯೆಯಾಗಿ ನನಗೆ ಇನ್ನೊಂದು ಭಯವೂ ಇತ್ತು. ಇಲ್ಲದ ವಾಸನೆ ಬರುವುದು ನನ್ನದೇ ಮೆದುಳಿನ ಕಾಯಿಲೆ ಇರಬಹುದಲ್ಲ? ಕಾರು ಓಡಿಸುವುದನ್ನು ನಿಲ್ಲಿಸಿದೆ. ತಲೆಯ ಸ್ಕ್ಯಾನ್, ಇಇಜಿ, ಏನೇನು ಪರೀಕ್ಷೆ ಇದೆಯೋ ಎಲ್ಲ ಮಾಡಿಸಿದೆ. ಏನೂ ಇಲ್ಲ. ನರರೋಗ ವೈದ್ಯನಾದ ನನ್ನ ಸ್ನೇಹಿತ ಎಲ್ಲ ಕೇಳಿ, "ನಿನಗೆ ಆ ಹುಡುಗಿಯ ಮೇಲೆ ಕಾಳಜಿ ಜಾಸ್ತಿಯಾಗಿದೆ, ವಾಸನೆ ಬಂದದ್ದು ನೆನಪಿರುತ್ತೆ, ಬಂದು ಏನೂ ಆಗದೇ ಇದ್ದದ್ದು ಮರೆತುಹೋಗುತ್ತೆ" ಎಂದ. ಅವನು ಹೇಳಿದ್ದರಲ್ಲಿ ನಿಜವಿದೆ. ವಾಸನೆ ಬಂದು ಏನೂ ಆಗದ ದಿನಗಳೂ ಇವೆ. ಬರೆದಿಟ್ಟು ತಾಳೆ ನೋಡು ಎಂದ. ನಾನು ಬರೆದಿಡಲಿಲ್ಲ. ತಾಳೆಯಾಗದಿದ್ದರೆ ಫೋನ್ ಮಾಡುವುದನ್ನು ಬಿಡಬೇಕಾಗುತ್ತದೆ, ಬಿಟ್ಟ ದಿನವೇ ಅವಳು ಬಿದ್ದರೆ?

ಹೌದು, ಫೋನ್ ಮಾಡುತ್ತೇನೆ. ಅದು ಧರಣೇಂದ್ರ ಮಾಡಿಕೊಟ್ಟ ಏರ್ಪಾಟು. ತ್ರಿಶಲಾಗೆ ಒಂದು ಸಣ್ಣ ಫೋನು ತಂದು, ಕಟ್ಟರ್‌ನ ಆ ಹಳೆಯ ದಾರವನ್ನೇ ಕಟ್ಟಿ ಅವಳ ಕೊರಳಿಗೆ ಹಾಕಿದ್ದಾನೆ. ಆ ನಂಬರು ನನ್ನೊಬ್ಬಳಿಗೇ ಗೊತ್ತು. ವಾಸನೆ ಬಂದ ಕೂಡಲೇ ನಾನು ಅದಕ್ಕೆ ಫೋನ್ ಮಾಡಬೇಕು. ಅವಳು ಎತ್ತಬಾರದು. ಎತ್ತಿ ಹಲೋ ಎನ್ನುವಷ್ಟು ಹೊತ್ತೂ ಇರುವುದಿಲ್ಲ. ಸದ್ದು ಕೇಳಿದ ತಕ್ಷಣ ಎಲ್ಲಿದ್ದರೆ ಅಲ್ಲಿ ನೆಲದ ಮೇಲೆ ಕೂತುಬಿಡಬೇಕು. ಮದುವೆಮನೆಯಲ್ಲಿ ಕೂತಿದ್ದಾಳೆ, ಬಸ್ಸಿನಲ್ಲಿ ಸೀಟುಗಳ ನಡುವೆ ಕೂತಿದ್ದಾಳೆ. ಒಮ್ಮೆ ನನ್ನ ಬೆರಳು ತಪ್ಪಿ ಆ ನಂಬರಿಗೆ ತಗುಲಿ, ಪಾಪ, ಸಂತೆಯ ಕೆಸರಿನಲ್ಲಿ ಹೊಸ ಸೀರೆಯಲ್ಲಿ ಕೂತಿದ್ದಳು. ಅವಳಿಗೆ ಹಬ್ಬದ ಶುಭಾಶಯ ಹೇಳಬೇಕೆಂದರೂ ನಾನು ಅವಳ ಗಂಡನಿಗೆ ಫೋನ್ ಮಾಡಿ ಹೇಳಿಸಬೇಕು.

ಆಸ್ಪತ್ರೆಯಲ್ಲಿ ಯಾರದೋ ಬಾಯೊಳಗೆ ನನ್ನ ಎರಡೂ ಕೈ ಇರುವಾಗ ವಾಸನೆ ಬಂದರೆ, "ಸಿಸ್ಟರ್, ತ್ರಿಶಲಾ" ಎಂದರೆ ಸಾಕು, ನರ್ಸು ನನ್ನ ಫೋನಿನಿಂದ ಮಾಡುತ್ತಾರೆ. ಅವರು ನಂಬುತ್ತಾರೋ ಇಲ್ಲವೋ ನಾನು ಕೇಳಿಲ್ಲ. ನೆಗಡಿಯಾದರೆ ನನಗೆ ಹೆದರಿಕೆ. ಮೂಗು ಕಟ್ಟಿದ ದಿನಗಳಲ್ಲಿ ಅವಳನ್ನು ಮನೆಯಿಂದ ಹೊರಗೆ ಬಿಡಬೇಡಿ ಎಂದು ಹೇಳಿ ಕಳಿಸುತ್ತೇನೆ, ಕೇಳಿದವರು ನಕ್ಕಾರು. ನಿದ್ದೆಯಲ್ಲಿ ವಾಸನೆ ಬಂದರೆ ಎಚ್ಚರವಾಗುತ್ತದೋ ಇಲ್ಲವೋ ಗೊತ್ತಿಲ್ಲ. ನನಗೆ ವಯಸ್ಸಾಗುತ್ತಿದೆ, ಅವಳು ಇನ್ನೂ ಚಿಕ್ಕವಳು. ನಾನಿಲ್ಲದ ಮೇಲೆ ಇದು ಯಾರ ಪಾಲಿಗೆ ಹೋಗುತ್ತದೆ?

ಹೀಗೇಕೆ ಆಯಿತು, ಆ ಸಂಜೆ ವಾಸನೆ ಅಷ್ಟು ಮುಂಚೆಯೇ ಏಕೆ ಬಂತು, ಅವಳದ್ದು ನನ್ನ ಬಳಿ ಹೇಗೆ ಉಳಿಯಿತು, ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರಿದ್ದರೆ ಹೇಳಲಿ ಎಂದೇ ಇದನ್ನು ಬರೆಯಲು ಕೂತದ್ದು. ಬರೆದು ಇಷ್ಟಕ್ಕೆ ಮುಗಿಸೋಣ ಎಂದಿದ್ದೆ. ಆದರೆ ಮೇಲಿನ ನೆಗಡಿಯ ಮಾತನ್ನು ಬರೆಯುತ್ತಿರುವಾಗಲೇ ಆ ವಾಸನೆ ಬಂತು. ಎದ್ದು ಹೋಗಿ ಒಲೆ ನೋಡಿದೆ, ತಣ್ಣಗಿತ್ತು. ಹಾಲಿನ ಪಾಕೀಟು ಇನ್ನೂ ಒಡೆಯದೆ ಫ್ರಿಜ್ಜಿನಲ್ಲಿತ್ತು. ಫೋನ್ ಮಾಡಿದೆ. ಕೊನೆಯವರೆಗೂ ಹೊಡೆದುಕೊಂಡು ನಿಂತಿತು. ನಿಲ್ಲಬೇಕಾದದ್ದೇ, ಎತ್ತಬಾರದೆಂಬುದೇ ನಮ್ಮ ಒಪ್ಪಂದ. ಅವಳು ಕೂತಳೋ, ಸದ್ದು ಕೇಳುವ ಮೊದಲೇ ಬಿದ್ದಳೋ ಇಲ್ಲಿಂದ ನನಗೆ ಕಾಣುವುದಿಲ್ಲ. ಎಲ್ಲ ಆದ ಮೇಲೆ ಧರಣೇಂದ್ರನೋ ಪದ್ಮಾವತಮ್ಮನೋ ನನಗೆ ಫೋನ್ ಮಾಡಿ ತಿಳಿಸುತ್ತಾರೆ. ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಮಾಡಿರುತ್ತಾರೆ. ಫೋನನ್ನು ಈ ಹಾಳೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಇನ್ನೂ ಬಂದಿಲ್ಲ.